ಎಷ್ಟು ಮಾರು ನೀರು ಬೇಕು, ಯಾರಿಗೆ ಬೇಕು?

ಕಾರವಾರ ನಗರಸಭೆಯ ಎಲ್ಲ ಸದಸ್ಯರಿಗೆ, ಕಾಳಿ ನದಿಯ ಎರಡೂ ದಡದ ಗ್ರಾಮ ಪಂಚಾಯತ್ ಸದಸ್ಯರಿಗೆ, ಜೊತೆಗೆ ಇದನ್ನು ಓದುವ ಊರವರಿಗೆ ನಮಸ್ಕಾರ.

ನಾನು ಬೈತಖೋಲದಲ್ಲಿ ಬೋಟ್ ಇಂಜಿನ್ ರಿಪೇರಿ ಮಾಡುವವನು. ಈ ಪತ್ರ ಬರೆಯುವ ಹೊತ್ತಿಗೆ ನನ್ನ ಅಂಗಡಿ ಬಾಗಿಲಲ್ಲಿ ಎರಡು ಪ್ರೊಪೆಲ್ಲರ್ ಬಿದ್ದಿವೆ. ಒಂದರ ರೆಕ್ಕೆ ಸುಟ್ಟ ಹಪ್ಪಳದ ಹಾಗೆ ಮುದುಡಿದೆ. ಅದು ಎಲ್ಲೋ ಕಲ್ಲಿಗೆ ಬಡಿದದ್ದು. ಇನ್ನೊಂದನ್ನು ಸುಮ್ನೆ ನೋಡಿದರೆ ಏನೂ ಆಗಿಲ್ಲ ಅನಿಸುತ್ತದೆ. ಅಂಚಿನ ಮೇಲೆ ಬೆರಳಾಡಿಸಿದರೆ ಗೊತ್ತಾಗುತ್ತದೆ. ಸಾಣೆ ಹಿಡಿದ ಕತ್ತಿಯಷ್ಟು ತೆಳ್ಳಗಾಗಿದೆ. ಅದನ್ನು ತಿಂದದ್ದು ಮರಳು. ಇಳಿತದ ಹೊತ್ತಲ್ಲಿ ಬೋಟು ನದಿ ಸಮುದ್ರ ಸೇರುವ ಅಳಿವೆಯ ಮರಳು ದಿಬ್ಬದ ಮೇಲೆ ಕೂತಿದೆ. ಬಿಡಿಸಿಕೊಳ್ಳಲು ಒಂದು ತಾಸು ಹಿಂದೆ ಮುಂದೆ ಮಾಡಿದ್ದಾರೆ.

ಬೋಟಿನ ಮಾಲೀಕರು ಬಂದು ಅದನ್ನು ಕಾಲಲ್ಲಿ ದೂಡಿ ಹೇಳಿದರು, "ಈ ಹೂಳು ತೆಗೀದೇ ಇದ್ರೆ ಉದ್ಧಾರ ಆಗೋದು ನಿನ್ನ ಅಂಗಡಿ ಒಂದೇ."

ಮಾತು ಖರೆ. ಆದರೂ ನನ್ನ ಅಂಗಡಿಗೆ ನಷ್ಟ ಆಗುವಂಥ ಒಂದು ಕೆಲಸವನ್ನೇ ನಿಮ್ಮಲ್ಲಿ ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಮುಂದಿನ ಬಜೆಟ್‌ನಲ್ಲಿ ಒಂದು ಸಾಲು ಸೇರಿಸಿ. ಕಾಳಿಯ ಅಳಿವೆ ಮತ್ತು ಬಂದರಿನ ಹಡಗು ದಾರಿಯನ್ನು ಆಳ ಮಾಡಬೇಕಾ, ಮಾಡಿದರೆ ಏನಾಗುತ್ತದೆ ಅಂತ ತಿಳಿಯುವ ಅಧ್ಯಯನಕ್ಕೆ ನಮ್ಮ ಊರಿನ ದುಡ್ಡು ಸ್ವಲ್ಪ ಇಡಿ. ಹೂಳೆತ್ತುವುದಕ್ಕೆ ದುಡ್ಡು ಕೇಳುತ್ತಿಲ್ಲ. ಅದು ನಮ್ಮ ಕೈಗೆಟುಕುವ ಮಾತೂ ಅಲ್ಲ. ತಿಳಿದುಕೊಳ್ಳುವುದಕ್ಕೆ ಮಾತ್ರ.

ಮೊದಲು ಒಂದು ಗೊಂದಲ ಬಿಡಿಸಬೇಕು. ನಮ್ಮಲ್ಲಿ "ಹೂಳೆತ್ತಿ" ಅನ್ನುವವರು ಎರಡು ಥರದವರು. ಬೋಟಿನವರು ಅಳಿವೆ ನೋಡಿ ಹಾಗೆ ಹೇಳುತ್ತಾರೆ. ಅವರಿಗೆ ಇಳಿತದಲ್ಲೂ ಎರಡು ಮಾರು ನೀರು ಸಿಕ್ಕರೆ ಆಯಿತು. ಮಾರು ಅಂದರೆ ಎರಡೂ ಕೈ ಚಾಚಿದಷ್ಟು ಉದ್ದ, ಹೆಚ್ಚುಕಮ್ಮಿ ಆರು ಅಡಿ. ನೀರಿನ ಆಳ ಕೇಳುವಾಗ ಹಳಬರು ಈಗಲೂ "ಎಷ್ಟು ಮಾರು?" ಅಂತಲೇ ಕೇಳುತ್ತಾರೆ. ಹಡಗಿನವರು ನೋಡುವುದು ಕೊಲ್ಲಿಯೊಳಗಿನ ದಾರಿಯನ್ನು. 8 ಮೀಟರ್ ನೀರಲ್ಲಿ ಮುಳುಗಿ ಬರುವ ಹಡಗಿಗೆ ಅಡಿಯಲ್ಲಿ ಸ್ವಲ್ಪ ಜಾಗವೂ ಬೇಕಲ್ವಾ. ಹಾಗಾಗಿ ಐದು ಮಾರಾದರೂ ಬೇಕು. ಇವೆರಡು ಬೇರೆ ಬೇರೆ ಜಾಗ, ಬೇರೆ ಬೇರೆ ಖರ್ಚು, ಲಾಭವೂ ಬೇರೆ ಬೇರೆಯವರಿಗೆ. ಭಾಷಣದಲ್ಲಿ ಮಾತ್ರ ಎರಡೂ ಒಂದೇ ಆಗಿಬಿಡುತ್ತವೆ. ಮೀನುಗಾರರ ಹೆಸರು ಹೇಳಿ ಹಡಗು ದಾರಿ ತೋಡುವುದು ಸುಲಭ. ತೋಡಿದ ಮೇಲೂ ನಮ್ಮ ಬೋಟು ಅದೇ ದಿಬ್ಬದ ಮೇಲೆ ಕೂತಿರುತ್ತದೆ.

"ಬಂದರು ನಮ್ಮ ಕೆಲಸ ಅಲ್ಲ" ಅಂತ ನೀವು ಹೇಳಬಹುದು. ಒಪ್ಪಿದೆ. ರಾಜ್ಯದಲ್ಲಿ ಕೇಂದ್ರದ ಕೈಯಲ್ಲಿರುವ ದೊಡ್ಡ ಬಂದರು ನವಮಂಗಳೂರು ಒಂದೇ. ಕಾರವಾರ, ಬೇಲೇಕೇರಿ, ತದಡಿ, ಹೊನ್ನಾವರ, ಭಟ್ಕಳ ಎಲ್ಲ ರಾಜ್ಯದ ಕಡೆಗೆ ಬರುತ್ತವೆ. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಸಭೆಗಳಿಗೆ ಅಂತ 18 ಕೆಲಸ ಬರೆದಿದ್ದಾರೆ, ಅದರಲ್ಲಿ ಬಂದರು ಇಲ್ಲ. ಆದರೆ ಅದೇ ಪಟ್ಟಿಯಲ್ಲಿ ರಸ್ತೆ ಇದೆ, ನೀರು ಪೂರೈಕೆ ಇದೆ, ಪರಿಸರ ಕಾಪಾಡುವುದೂ ಇದೆ. ಹಡಗು ದೊಡ್ಡದಾದರೆ ಲಾರಿ ಜಾಸ್ತಿ ಆಗುತ್ತದೆ. ಅವು ಓಡುವುದು ನಿಮ್ಮ ರಸ್ತೆ ಮೇಲೆ. ಉಪ್ಪುನೀರು ಮೇಲೇರಿದರೆ ಕೆಡುವುದು ನಿಮ್ಮ ಬಾವಿ. ಬೀಚಿನ ಮರಳು ಹೋದರೆ ಪ್ರವಾಸಿಗರು ಬೈಯುವುದೂ ನಿಮಗೇ. ಬಿಲ್ಲು ಹೇಗೂ ನಮ್ಮ ಮನೆಗೇ ಬರುತ್ತದೆ. ಅಡುಗೆಮನೆಯಲ್ಲಿ ಏನು ಬೇಯುತ್ತಿದೆ ಅಂತ ಒಂದು ಸಲ ಇಣುಕಿ ನೋಡೋಣ ಅಂತಷ್ಟೇ ನಾನು ಹೇಳುವುದು.

ಇನ್ನೊಂದು ವಿಷಯ. 2006ರ ಪರಿಸರ ಅಧಿಸೂಚನೆ ಪ್ರಕಾರ ದೊಡ್ಡ ಯೋಜನೆಗಳಿಗೆ ಪರಿಣಾಮದ ವರದಿ ಬೇಕು. ಆ ವರದಿ ಬರೆಸುವವರು ಯಾರು? ಯೋಜನೆ ಮಾಡುವವರೇ. ಸಲಹಾ ಸಂಸ್ಥೆಗೆ ದುಡ್ಡು ಕೊಡುವವರೂ ಅವರೇ. ಮದುವೆ ದಲ್ಲಾಳಿಯ ಕೈಯಲ್ಲೇ ಜಾತಕ ಬರೆಸಿದ ಹಾಗೆ. ದಲ್ಲಾಳಿ ಸುಳ್ಳ ಅಂತ ನಾನು ಹೇಳುವುದಿಲ್ಲ. ಆದರೆ ಹುಡುಗ ಕುಂಟುತ್ತಾನೆ ಅಂತ ತಾನಾಗಿ ಹೇಳುವುದಿಲ್ಲ, ನಾವು ಕೇಳಬೇಕು. ಕೇಳುವ ಹಕ್ಕು ಗಟ್ಟಿಯಾಗುವುದು ನಮ್ಮದೂ ಒಂದು ಪಾಲು ದುಡ್ಡು ಇದ್ದಾಗ. ಪೂರ್ತಿ ಅಧ್ಯಯನದ ಖರ್ಚು ನಗರಸಭೆ ಹೊರಲಾರದು, ಹೊರುವುದೂ ಬೇಡ. ದೊಡ್ಡ ಪಾಲು ರಾಜ್ಯದವರು ಕೊಡಲಿ. ನಮ್ಮ ಪಾಲು ಸಣ್ಣದಿದ್ದರೂ ಸಾಕು. ಬದಲಿಗೆ ಏನೇನು ಅಳೆಯಬೇಕು ಅನ್ನುವ ಪಟ್ಟಿ ಬರೆಯುವಾಗ ಮೇಜಿನ ಈಚೆ ನಮ್ಮವರೂ ಒಬ್ಬರು ಕೂರಬೇಕು.

ಪಂಚಾಯತ್‌ಗಳ ಕಷ್ಟ ಗೊತ್ತಿದೆ. 15ನೇ ಹಣಕಾಸು ಆಯೋಗ ಕೊಟ್ಟ ಹಣದಲ್ಲಿ ಶೇ 60 ಕುಡಿಯುವ ನೀರು, ನೈರ್ಮಲ್ಯಕ್ಕೆ ಅಂತ ಕಟ್ಟಿಹಾಕಿತ್ತು. ಅದನ್ನು ಮುಟ್ಟಬೇಡಿ. ಉಳಿದದ್ದರಲ್ಲಿ ಬೀದಿದೀಪ, ಗಟಾರ, ಕಾಲುಸಂಕ ಎಲ್ಲ ಆಗಬೇಕು. ನಿಮ್ಮಿಂದ ದುಡ್ಡು ಆಗದಿದ್ದರೆ ಬಾವಿ ನೀರಿನ ಉಪ್ಪು ಅಳೆಯಲು ಒಬ್ಬ ಹುಡುಗನನ್ನು ಕೊಡಿ, ಅದೂ ಪಾಲೇ.

ಈಗ ಅಧ್ಯಯನ ಅಂದರೆ ಏನು ಅನ್ನುವುದಕ್ಕೆ ಬರುತ್ತೇನೆ. ಹಿಂದೊಮ್ಮೆ ಒಂದು ತಂಡ ಬಂದಿತ್ತು. ಯಾರ ಕಡೆಯವರು ಅನ್ನುವುದು ಈಗ ಬೇಡ. ಜನವರಿ ತಿಂಗಳು. ನನ್ನ ಪರಿಚಯದವರ ದೋಣಿ ಬಾಡಿಗೆಗೆ ಹಿಡಿದು, ಶಬ್ದದಿಂದ ಆಳ ಅಳೆಯುವ ಯಂತ್ರ ಇಟ್ಟು, ಮೂರು ದಿನ ಆಚೆ ಈಚೆ ಓಡಾಡಿದರು. ಮೂರನೇ ದಿನ ನನ್ನ ಅಂಗಡಿ ಎದುರು ಚಹಾ ಕುಡಿದು ಹೋದರು. ಒಳ್ಳೆಯ ಹುಡುಗರು, ಬಿಸಿಲಲ್ಲಿ ಕರಿದಾಗಿದ್ದರು. "ಮಳೆಗಾಲಕ್ಕೆ ಬರ್ತೀರಾ?" ಅಂತ ಕೇಳಿದೆ. ಅವರಲ್ಲಿ ಒಬ್ಬ ನಕ್ಕ. "ಆಗ ಯಾರು ದೋಣಿ ಇಳಿಸ್ತಾರೆ ಅಣ್ಣ?"

ಅಲ್ಲೇ ಇದೆ ನೋಡಿ ಗುಟ್ಟು. ಜನವರಿಯ ಕಾರವಾರದ ಕೊಲ್ಲಿ ತಟ್ಟೆಯಲ್ಲಿಟ್ಟ ನೀರು. ಹೂಳು ಬರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಗ ಕಾಳಿ ಕೆಂಪಗೆ ಹರಿಯುತ್ತದೆ, ಎದುರಿನಿಂದ ಸಮುದ್ರ ದೂಡುತ್ತದೆ. ಎರಡೂ ಗುದ್ದಾಡುವ ಜಾಗವೇ ಅಳಿವೆ. ದೇವಬಾಗದ ಕಡೆ ಇದ್ದ ದಿಬ್ಬ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಜಾಗ ಬದಲಿಸಿರುತ್ತದೆ. ಆಗಸ್ಟ್‌ನಲ್ಲಿ ಮೊದಲ ಸಲ ಹೊರಗೆ ಹೋಗುವ ಬೋಟಿನವರು ಹೋದ ವರ್ಷದ ದಾರಿ ನಂಬುವುದಿಲ್ಲ. ಒಬ್ಬ ಹಿರಿಯರು ಮುಂದೆ ಕೂತು ಗಳ ಇಳಿಸುತ್ತಾರೆ. ಗಳ ಮುಟ್ಟಿದ ಕೂಡಲೇ ನೆಲ ಮೆತ್ತಗಿದೆಯಾ, ಗಟ್ಟಿಯಾ, ಚಿಪ್ಪು ಇದೆಯಾ ಅಂತ ಕೈಗೇ ಗೊತ್ತಾಗುತ್ತದೆ. "ಬಲಕ್ಕೆ, ಇನ್ನೂ ಬಲಕ್ಕೆ" ಅನ್ನುತ್ತಾರೆ. ಹೀಗೆ ಪ್ರತಿವರ್ಷ ಹೊಸ ದಾರಿ. ಮೂರು ದಿನದ ಅಳತೆಯಲ್ಲಿ ಇದು ಹೇಗೆ ಸಿಗುತ್ತದೆ ಹೇಳಿ.

ಹಾಗಾಗಿ ಅಳತೆ 12 ತಿಂಗಳು ನಡೆಯಲೇಬೇಕು. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಭರತದಲ್ಲೂ ಅಳೆಯಬೇಕು, ಅಷ್ಟಮಿಯ ಸಣ್ಣ ಭರತದಲ್ಲೂ ಅಳೆಯಬೇಕು. ನಮ್ಮಲ್ಲಿ ಭರತಕ್ಕೂ ಇಳಿತಕ್ಕೂ ಎರಡು ಮೀಟರ್ ಆಸುಪಾಸು ವ್ಯತ್ಯಾಸ. ಸಮುದ್ರದ ನಕ್ಷೆಯಲ್ಲಿ ಬರೆದ ಆಳ ಅಂದರೆ ನೀರು ತೀರಾ ಇಳಿದಾಗ ಉಳಿಯುವ ಆಳ. ಭರತದಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ. ಹಡಗೊಂದು ಭರತ ನೋಡಿ ಎರಡು ತಾಸು ಕಾದು ಒಳಗೆ ಬರಬಹುದಾದರೆ ಅಷ್ಟು ಆಳ ತೋಡುವ ಅಗತ್ಯವೇ ಬೀಳದಿರಬಹುದು. ಕಾಯುವುದಕ್ಕೂ ಖರ್ಚಿದೆ. ತೋಡುವುದಕ್ಕೂ ಇದೆ. ಯಾವುದು ಅಗ್ಗ ಅಂತ ಲೆಕ್ಕ ಹಾಕುವುದೂ ಅಧ್ಯಯನದ ಕೆಲಸ.

ಸಣ್ಣ ವಿಷಯಗಳೂ ಇವೆ. ಸಿಹಿನೀರಲ್ಲಿ ಹಡಗು ಜಾಸ್ತಿ ಮುಳುಗುತ್ತದೆ. ಸಮುದ್ರದಲ್ಲಿ 8 ಮೀಟರ್ ಮುಳುಗುವ ಹಡಗು ಪೂರ್ತಿ ಸಿಹಿನೀರಿಗೆ ಬಂದರೆ ಸುಮಾರು 20 ಸೆಂಟಿಮೀಟರ್ ಇನ್ನೂ ಕೆಳಗೆ ಹೋಗುತ್ತದೆ. ಉಪ್ಪುನೀರು ಭಾರ, ಎತ್ತಿ ಹಿಡಿಯುತ್ತದೆ. ಮಳೆಗಾಲದಲ್ಲಿ ಕಾಳಿಯ ನೀರು ಕೊಲ್ಲಿಗೆ ಹರಡಿದಾಗ ಎಲ್ಲಿ ಎಷ್ಟು ಉಪ್ಪು ಉಳಿಯುತ್ತದೆ ಅಂತ ಅಳೆಯದೆ ಆಳ ಎಷ್ಟು ಬೇಕು ಅಂತ ಬರೆದರೆ ಅದು ಅಂದಾಜು ಅಷ್ಟೇ.

ಹಳೆಯ ನಕ್ಷೆ ಇದೆಯಲ್ಲ, ಅದೇ ಸಾಕು ಅಂತ ಯಾರಾದರೂ ಹೇಳಿದರೆ 2024 ನೆನಪು ಮಾಡಿಕೊಡಿ. ಆ ವರ್ಷ ಆಗಸ್ಟ್ 7ರ ನಡುರಾತ್ರಿ ಕೋಡಿಬಾಗ, ಸದಾಶಿವಗಡದ ನಡುವಿನ ಹಳೆ ಸೇತುವೆ ಕುಸಿಯಿತು. ಲಾರಿಯೊಂದು ನದಿಗೆ ಬಿತ್ತು. ಪುಣ್ಯಕ್ಕೆ ಚಾಲಕ ಬದುಕಿದ. ಸೇತುವೆಯ ಅಷ್ಟು ಕಾಂಕ್ರೀಟು ಬಿದ್ದದ್ದು ಅಳಿವೆಯ ಬಾಯಿಗೆ. ನೀರಿನ ದಾರಿ ಅದಾದ ಮೇಲೆ ಹೇಗೆ ತಿರುಗಿದೆ ಅಂತ ಹಳೆ ನಕ್ಷೆ ಹೇಳುತ್ತದಾ?

ಅದಕ್ಕೆ ಮೂರು ವಾರ ಮುಂಚೆ, ಜುಲೈ 16ಕ್ಕೆ, ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ಗಂಗಾವಳಿ ನದಿಗೆ ಬಂತು. ನದಿಯಲ್ಲಿ ಹೂತ ಲಾರಿ ಹುಡುಕಲು ಹೂಳೆತ್ತುವ ಯಂತ್ರವನ್ನು ಗೋವಾದಿಂದ ತರಬೇಕಾಯಿತು. ಅದು ಬಂದದ್ದು ಸೆಪ್ಟೆಂಬರ್‌ನಲ್ಲಿ. ಸಮುದ್ರದಿಂದ ನದಿಯೊಳಗೆ ಬರುವಾಗ ಸೇತುವೆ ಅಡಿಯಲ್ಲಿ ನುಸುಳಲು ನೀರಿನ ಮಟ್ಟ ನೋಡಿಕೊಂಡು ಕಾಯಬೇಕಾಯಿತು. ಇಡೀ ಜಿಲ್ಲೆ ಟಿವಿ ಎದುರು ಕೂತು ಭರತ ಇಳಿತದ ವೇಳಾಪಟ್ಟಿ ಕಲಿತದ್ದು ಆಗ. ಅಲ್ಲಿ ಕಾಣೆಯಾದವರ ಮನೆಯವರು ಎರಡು ತಿಂಗಳಿಗಿಂತ ಜಾಸ್ತಿ ಕಾದರು. ನದಿಯ ಅಡಿ ಹೇಗಿದೆ ಅನ್ನುವ ಲೆಕ್ಕ ಹಡಗಿನವರಿಗೆ ಮಾತ್ರ ಬೇಕಾದದ್ದು ಅಲ್ಲ ಅಂತ ನನಗೆ ತಿಳಿದದ್ದೂ ಆವಾಗಲೇ.

ಇನ್ನು ತೆಗೆದ ಹೂಳು. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಬರೀ ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ, 1 ಕಿಲೋಮೀಟರ್ ಉದ್ದ, 100 ಮೀಟರ್ ಅಗಲದ ದಾರಿಯನ್ನು 1 ಮೀಟರ್ ಆಳ ಮಾಡುತ್ತೇವೆ. 1 ಲಕ್ಷ ಘನ ಮೀಟರ್ ಹೂಳು ಬರುತ್ತದೆ. ಒಂದು ಟಿಪ್ಪರ್‌ನಲ್ಲಿ 10 ಘನ ಮೀಟರ್ ಹಿಡಿಸಿದರೆ 10,000 ಟಿಪ್ಪರ್. ಒಂದೇ ಮೀಟರ್‌ಗೆ! ಇದನ್ನು ಎಲ್ಲಿ ಹಾಕುತ್ತೀರಿ? ಹೊರಗೆ ಸಮುದ್ರಕ್ಕೆ ಸುರಿದರೆ ಎಷ್ಟು ದೂರ ಸುರಿಯುತ್ತೀರಿ? ಹತ್ತಿರ ಸುರಿದರೆ ಅಲೆ ಮತ್ತೆ ತಂದು ಅದೇ ಜಾಗಕ್ಕೆ ಹಾಕುತ್ತದೆ. ಮೀನು ಮೇಯುವ ಜಾಗಕ್ಕೆ ಸುರಿದರೆ ಅಲ್ಲಿನ ಬಲೆಗೆ ಕೆಸರೇ ಗತಿ. ಮರಳಾದರೆ ಮಾರಬಹುದು, ಕೆಸರನ್ನು ಯಾರು ಕೊಳ್ಳುತ್ತಾರೆ? ಅದಕ್ಕೇ ನೆಲಕ್ಕೆ ಕೊಳವೆ ಇಳಿಸಿ, ಕೆಳಗೆ ಮರಳಿದೆಯಾ, ಜೇಡಿ ಇದೆಯಾ, ಬಂಡೆ ಇದೆಯಾ ಅಂತ ಮೊದಲೇ ನೋಡಬೇಕು. ಬಂಡೆ ಸಿಕ್ಕರಂತೂ ಖರ್ಚಿನ ಪುಸ್ತಕವೇ ಬೇರೆ.

ಒಮ್ಮೆ ತೋಡಿದರೆ ಮುಗಿಯುವುದೂ ಇಲ್ಲ. ಮೊದಲ ಸಲ ತೋಡುವುದು ಮನೆ ಕಟ್ಟಿದ ಹಾಗೆ. ಆಮೇಲೆ ವರ್ಷ ವರ್ಷ ತೆಗೆಯುವುದು ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಿದ ಹಾಗೆ. ಮನೆ ಕಟ್ಟಲು ಸಾಲ ಸಿಗುತ್ತದೆ, ಫೋಟೊ ತೆಗೆಸಿಕೊಳ್ಳಲು ಮಂತ್ರಿಗಳೂ ಬರುತ್ತಾರೆ. ಹಂಚು ಕೈಯಾಡಿಸಲು ಯಾರೂ ಬರುವುದಿಲ್ಲ. ಆ ಖರ್ಚು ಯಾರ ತಲೆಗೆ ಅಂತ ವರದಿಯ ಮೊದಲ ಪುಟದಲ್ಲೇ ಬರೆಸಿ.

ಕಾಳಿಯ ಮೇಲೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಮೇಲಿನ ಮಣ್ಣು ಅಲ್ಲೇ ನಿಲ್ಲುತ್ತದೆ. ಕೆಳಗೆ ಬರುವ ನೀರು ಕರೆಂಟಿನ ಲೆಕ್ಕದಲ್ಲಿ ಬರುತ್ತದೆ. ಅಳಿವೆಯನ್ನು ಆಳ ಮಾಡಿದರೆ ಬೇಸಿಗೆಯಲ್ಲಿ ಉಪ್ಪುನೀರು ಇನ್ನಷ್ಟು ಮೇಲಕ್ಕೆ ಹೋಗಬಹುದು. ಉಪ್ಪುನೀರು ಭಾರವಾದ್ದರಿಂದ ನದಿಯ ತಳ ಹಿಡಿದು ತೆವಳುತ್ತದೆ. ಮೇಲೆ ನೋಡಿದರೆ ಗೊತ್ತೇ ಆಗುವುದಿಲ್ಲ. ಕಡವಾಡ, ಕಿನ್ನರ ಕಡೆಯ ಹೆಂಗಸರನ್ನು ಕೇಳಿ. ಏಪ್ರಿಲ್‌ನಲ್ಲಿ ಯಾವ ಬಾವಿಯ ನೀರಲ್ಲಿ ಬೇಳೆ ಬೇಯುತ್ತದೆ, ಯಾವುದರಲ್ಲಿ ಬೇಯುವುದಿಲ್ಲ ಅಂತ ಅವರು ಬಾಯಿಪಾಠ ಹೇಳುತ್ತಾರೆ. ಆ ಬಾವಿಗಳ ಇವತ್ತಿನ ಲೆಕ್ಕ ಬರೆದಿಡಿ. ನಾಳೆ ಕೆಟ್ಟರೆ ಕೆಟ್ಟಿತು ಅಂತ ತೋರಿಸಲು ಕಾಗದ ಬೇಕು. ಕುಮಟಾ ಕಡೆ ಅಘನಾಶಿನಿಯಲ್ಲಿ ಉಪ್ಪು, ಸಿಹಿ ಎರಡೂ ಹದವಾಗಿ ಬೆರೆತಿರುವುದಕ್ಕೇ ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುತ್ತದೆ, ಬಳಚು ಅನ್ನುವ ಚಿಪ್ಪುಮೀನು ಸಿಗುತ್ತದೆ. ಆ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ನಮ್ಮ ಕಾಳಿಗೆ ಅಂಥ ಹೆಸರು ಬಂದಿಲ್ಲ ಅಂತ ಅದರ ನೀರಿಗೆ ಹದ ಬೇಡವಾ?

ಇಷ್ಟೆಲ್ಲ ಆದ ಮೇಲೂ ನನಗೆ ಎಲ್ಲಕ್ಕಿಂತ ಮೊದಲು ಉತ್ತರ ಬೇಕಾದ ಪ್ರಶ್ನೆ ಬೇರೆಯೇ. ಹಡಗು ಬರದೆ ಇರುವುದು ಆಳ ಇಲ್ಲ ಅಂತಲಾ? ಅದಿರು ಸಾಗುತ್ತಿದ್ದ ಕಾಲದಲ್ಲಿ ಇದೇ ಬಂದರಿಗೆ ಹಡಗು ಬರುತ್ತಿದ್ದವು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು, ಬಂದರು ತಣ್ಣಗಾಯಿತು. ನೀರೇನೂ ಒಂದೇ ರಾತ್ರಿಯಲ್ಲಿ ಇಂಗಿರಲಿಲ್ಲ. ಹುಬ್ಬಳ್ಳಿ ಅಂಕೋಲಾ ರೈಲು ಎರಡು ದಶಕ ದಾಟಿದರೂ ಕಾಡಿನ ಅನುಮತಿಯ ಕಾಗದದಲ್ಲೇ ಓಡುತ್ತಿದೆ. ಘಟ್ಟದ ಮೇಲಿನ ಸರಕು ಅರಬೈಲ್ ಘಾಟಿ ಇಳಿದು ಲಾರಿಯಲ್ಲೇ ಬರಬೇಕು. ರೈಲಿಲ್ಲದ ಬಂದರಿಗೆ ಎರಡು ಪಟ್ಟು ದೊಡ್ಡ ಹಡಗು ಬಂದರೆ ಏನಾಗುತ್ತದೆ? ಹೆದ್ದಾರಿಯಲ್ಲಿ ಎರಡು ಪಟ್ಟು ಲಾರಿ. ಆಳ ಬೇಕೋ ರೈಲು ಬೇಕೋ ಅಂತ ಕೇಳದೆ ಆಳವನ್ನೇ ಅಳೆಯುತ್ತಾ ಕೂತರೆ, ಇಂಜಿನ್‌ಗೆ ಡೀಸೆಲ್ ಹಾಕದೆ ಪ್ರೊಪೆಲ್ಲರ್ ಬದಲಿಸಿದ ಹಾಗೆ. ನನ್ನ ಅಂಗಡಿಗೂ ಅಂಥ ಗಿರಾಕಿಗಳು ಬರುತ್ತಾರೆ. ನಾನು ಮೊದಲು ಟ್ಯಾಂಕ್ ಮುಚ್ಚಳ ತೆಗೆದು ನೋಡುತ್ತೇನೆ.

ಊರವರನ್ನು ಕೇಳದೆ ಶುರು ಮಾಡಿದರೆ ಏನಾಗುತ್ತದೆ ಅಂತ 2020ರ ಜನವರಿಯಲ್ಲಿ ನೋಡಿದ್ದೇವೆ. ಬಂದರು ವಿಸ್ತರಣೆಗೆ ಅಂತ ಟಾಗೋರ್ ಬೀಚಿನ ಕಡೆ ಕೆಲಸ ಶುರುವಾಯಿತು. ಮೀನು ಮಾರುವ ಹೆಂಗಸರು ಬುಟ್ಟಿ ಕೆಳಗಿಟ್ಟು ಬೀದಿಗೆ ಬಂದರು. ಪೊಲೀಸರು ಬಂದರು. ವಿಷಯ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ಬಂತು. ಯಾರು ಸರಿ, ಯಾರು ತಪ್ಪು ಅಂತ ಇಲ್ಲಿ ಹೇಳಲು ಹೋಗುವುದಿಲ್ಲ. ಆ ಬೀಚಿನಲ್ಲಿ ದಡದಿಂದ ರಂಪಣಿ ಬಲೆ ಎಳೆಯುವವರಿಗೆ, ದೋಣಿ ಮೇಲೆಳೆಯುವವರಿಗೆ ಮೊದಲೇ ಕೂರಿಸಿ ನಕ್ಷೆ ತೋರಿಸಿದ್ದರೆ ಅಷ್ಟು ದೂರ ಹೋಗುತ್ತಿರಲಿಲ್ಲ ಅಂತ ಮಾತ್ರ ಈಗಲೂ ಅನಿಸುತ್ತದೆ. ಅವರ ಸಿಟ್ಟಿಗೆ ಹಳೆಯ ಬೇರಿದೆ. ನೌಕಾನೆಲೆಗೆ ಅಂತ ಅರ್ಗಾ ಕಡೆಯ ಊರುಗಳು ಎದ್ದು ಹೋದವು. 2005ರಲ್ಲಿ ಕದಂಬ ನೌಕಾನೆಲೆ ಶುರುವಾಯಿತು. ದೇಶಕ್ಕೆ ಬೇಕಿತ್ತು, ಕೊಟ್ಟರು. ಆದರೆ ಸಮುದ್ರದ ಒಂದು ತುಂಡು ಬಿಟ್ಟುಕೊಟ್ಟವರ ಹತ್ತಿರ ಇನ್ನೊಂದು ತುಂಡು ಕೇಳುವಾಗ ದನಿ ಸ್ವಲ್ಪ ತಗ್ಗಿಸಬೇಕು.

ಕೆಲಸ ಯಾರು ಮಾಡಬೇಕು ಅನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ಕೋಡಿಬಾಗದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಕಾರವಾರದಲ್ಲಿದೆ. ಉಪ್ಪು, ಕೆಸರು, ಮೀನಿನ ಮರಿ ಇವನ್ನೆಲ್ಲ ವರ್ಷಪೂರ್ತಿ ನೋಡಲು ಅವರನ್ನು ಕೇಳಿ. ಅಲೆ, ಹರಿವಿನ ದೊಡ್ಡ ಲೆಕ್ಕಕ್ಕೆ ಪುಣೆಯಲ್ಲಿ 1916ರಿಂದ ಇರುವ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ ಇದೆ, ಗೋವಾದಲ್ಲಿ ಸಮುದ್ರ ವಿಜ್ಞಾನ ಸಂಸ್ಥೆ ಇದೆ. ಗಳ ಹಿಡಿದು ದಾರಿ ಹೇಳುವ ನಮ್ಮ ಹಿರಿಯರಿಗೂ ದಿನಗೂಲಿ ಕೊಟ್ಟು ಜೊತೆಗೆ ಕರೆದೊಯ್ಯಿರಿ. ಯಂತ್ರ ಆಳ ಹೇಳುತ್ತದೆ. ಹತ್ತು ವರ್ಷದ ಹಿಂದೆ ಅಲ್ಲಿ ಏನಿತ್ತು ಅಂತ ಅವರು ಹೇಳುತ್ತಾರೆ.

ವರದಿ ಪೂರ್ತಿ ಕನ್ನಡದಲ್ಲಿ ಬೇಕು. ಈಗಿನ ಪದ್ಧತಿಯಲ್ಲಿ ಸಾರಾಂಶ ಮಾತ್ರ ಕನ್ನಡದಲ್ಲಿ ಸಿಗುತ್ತದೆ, ಉಳಿದದ್ದೆಲ್ಲ ಇಂಗ್ಲಿಷ್. ಸಾರಾಂಶದಲ್ಲಿ ಯಾವಾಗಲೂ ಎಲ್ಲ ಸರಿಯಾಗೇ ಇರುತ್ತದೆ! ಬೋಟು ನಿಲ್ಲುವ ಧಕ್ಕೆಯಲ್ಲಿ ಕೊಂಕಣಿಯಲ್ಲಿ ಓದಿ ಹೇಳಿದರೆ ಇನ್ನೂ ಒಳ್ಳೆಯದು. ನನ್ನ ಮನೆಯಲ್ಲಿ ಮಾತು ಕೊಂಕಣಿ, ಅಂಗಡಿಯಲ್ಲಿ ಕನ್ನಡ. ಆಳದ ಲೆಕ್ಕ ಎರಡರಲ್ಲೂ ಅರ್ಥ ಆಗುತ್ತದೆ.

ಕೊನೆಗೊಂದು ದಿನಾಂಕದ ಮಾತು. ಊರವರ ಅಭಿಪ್ರಾಯ ಕೇಳುವ ಸಭೆಗಳನ್ನು ಸಾಮಾನ್ಯವಾಗಿ ನವೆಂಬರ್, ಡಿಸೆಂಬರ್‌ನಲ್ಲಿ ಬೆಳಿಗ್ಗೆ 11ಕ್ಕೆ ಕರೆಯುತ್ತಾರೆ. ಆ ಹೊತ್ತಿಗೆ ಬೋಟಿನವರೆಲ್ಲ ಸಮುದ್ರದಲ್ಲಿ, ಹೆಂಗಸರೆಲ್ಲ ಮೀನು ಮಾರ್ಕೆಟ್ಟಿನಲ್ಲಿ. ಆಮೇಲೆ "ಯಾರೂ ಆಕ್ಷೇಪ ಹೇಳಲಿಲ್ಲ" ಅಂತ ಬರೆಯುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಬೋಟು ದಡದಲ್ಲಿ, ಎಲ್ಲರೂ ಮನೆಯಲ್ಲಿ, ಬಲೆ ಹೊಲಿಯುತ್ತಾ ಕೂತಿರುತ್ತಾರೆ. ಮೊದಲ ಸಭೆ ಆಗ ಕರೆಯಿರಿ, ಸಂಜೆ ನಾಲ್ಕರ ಮೇಲೆ. ಜಾಗ ಸಿಗದಿದ್ದರೆ ನನ್ನ ಶೆಡ್ ಇದೆ. ಇಂಜಿನ್‌ಗಳನ್ನು ಒಂದು ಮೂಲೆಗೆ ಸರಿಸುತ್ತೇನೆ. ಐವತ್ತು ಜನ ಕೂರಬಹುದು, ಮಾಡು ಒಂದೇ ಕಡೆ ಸೋರುತ್ತದೆ.

ಇಂತಿ,
ಬೈತಖೋಲದ ಒಬ್ಬ ಬೋಟ್ ಮೆಕ್ಯಾನಿಕ್